ಏಳು ತಲೆಮಾರು ಒಪ್ಪಿಸಿದ ಅಣ್ಣ

ಬುರುಲಜ್ಜಿಯ ಹೊಸ್ತಿಲು ದಾಟುವುದೆಂದರೆ ಸುಮ್ಮನೆ ಮಾತಲ್ಲ. ಬಂದವರು ಯಾರೇ ಇರಲಿ, "ಯಾರ ಮಗನಪ್ಪಾ ನೀನು? ಏಳು ತಲೆಮಾರು ಹೇಳು ನೋಡೋಣ" ಎಂದು ಬಾಗಿಲಲ್ಲೇ ನಿಲ್ಲಿಸುತ್ತಾಳೆ. ಕರೆಂಟು ಮೀಟರು ನೋಡಲು ಬಂದವನಿಗೂ ಅಪ್ಪ, ತಾತ, ಮುತ್ತಾತ ಎಂದು ಏಳು ಹೆಸರು ಒಪ್ಪಿಸಿದ ಮೇಲೆಯೇ ಚಹಾ ಸಿಕ್ಕಿದ್ದು. ನಾರಿನ್ ಸೀಮೆಯ ನಮ್ಮ ಹಳ್ಳಿಗಳಲ್ಲಿ ಇದು ಎಲ್ಲ ಮನೆಯ ರೂಢಿಯೇ. ಬುರುಲಜ್ಜಿಯದು ಸ್ವಲ್ಪ ಹೆಚ್ಚು, ಅಷ್ಟೆ.

ಮೊಮ್ಮಗಳು ಅಯ್ಪೇರಿಗೆ ಹನ್ನೊಂದು ವರ್ಷ. ವಸಂತದ ಹೊಸ ವರ್ಷವಾದ ನೂರುಜ್ ಹಬ್ಬದ ದಿನ ಶಾಲೆಯ ವೇದಿಕೆಯಲ್ಲಿ ನಿಂತು ಅವಳು ತನ್ನ ಮನೆತನದ ಏಳು ಹೆಸರನ್ನೂ ಗಟ್ಟಿಯಾಗಿ ಹೇಳಿದ್ದಳು. ಅವಳ ತಾಯಿ, ಅಂದರೆ ಅಜ್ಜಿಯ ಸೊಸೆ, ಅದನ್ನು ವಿಡಿಯೋ ಮಾಡಿ ಎಲ್ಲರೂ ನೋಡುವ ಹಾಗೆ ಇಂಟರ್ನೆಟ್ಟಿನಲ್ಲಿ ಹಾಕಿದಳು. ಹಾಕಿಸಿದವಳು ಅಜ್ಜಿಯೇ. ಹಾಕಲೇ ಎಂದು ಅಯ್ಪೇರಿಯನ್ನು ಯಾರೂ ಕೇಳಲಿಲ್ಲ.

ಮೇ ತಿಂಗಳಲ್ಲಿ ಮಗ ಸೊಸೆ ಕುರಿ ಹೊಡೆದುಕೊಂಡು ಬೆಟ್ಟದ ಹುಲ್ಲುಗಾವಲಿಗೆ ಹೋದರು. ಶಾಲೆ ಇನ್ನೂ ಮುಗಿದಿರದ ಕಾರಣ ಅಯ್ಪೇರಿ ಅಜ್ಜಿಯ ಜೊತೆ ಉಳಿದಳು. ಆಗ ಶುರುವಾಯಿತು ಅವಳ ಮೌನ. ತಟ್ಟೆಗೆ ಹಾಕಿದ್ದು ತಟ್ಟೆಯಲ್ಲೇ ಇರುತ್ತಿತ್ತು. ಫೋನು ಸದ್ದು ಮಾಡಿದರೆ ಬೆಚ್ಚಿಬೀಳುತ್ತಿದ್ದಳು.

ಒಂದು ಬೆಳಿಗ್ಗೆ ಅಂಗಳದಲ್ಲಿ ಉಣ್ಣೆಯ ಹಾಸು ಮಾಡುವ ಕೆಲಸ ನಡೆದಿತ್ತು. ಬಿಸಿನೀರು ಹೊಯ್ದ ಉಣ್ಣೆಯನ್ನು ಚಾಪೆಯಲ್ಲಿ ಬಿಗಿಯಾಗಿ ಸುತ್ತಿ, ಅಜ್ಜಿ ಒಂದು ತುದಿ, ಪಕ್ಕದ ಮನೆಯ ತಾಜಿಗುಲ್ ಇನ್ನೊಂದು ತುದಿ, ಕಾಲಿನಲ್ಲಿ ಒದ್ದು ಒದ್ದು ಉರುಳಿಸುತ್ತಿದ್ದರು. ತಾಜಿಗುಲ್ ಶಾಲೆಯ ಗ್ರಂಥಾಲಯ ನೋಡಿಕೊಳ್ಳುವವಳು.

"ಅಯ್ಪೇರಿ ಯಾಕತ್ತೆ ಹಿಂಗಾಗಿದಾಳೆ? ಲೈಬ್ರರಿ ಕಡೆ ಬಂದು ಎರಡು ವಾರ ಆಯ್ತು."

"ಗಂಟಲು ನೋವಿರ್ಬೇಕು ಬಿಡೇ."

"ಗಂಟಲು ನೋವಿಗೆ ಫೋನ್ ಕಂಡ್ರೆ ಹೆದರ್ತಾರಾ?"

"ಹೆದರಿಕೆ ಎಂಥದ್ದು? ಅದರಲ್ಲಿ ಮಾತಾಡೋನು ನಮ್ಮವನೇ ಕಣೆ. ತಲಾಸ್ ಕಡೆ ಹೋಗಿ ನೆಲೆಸಿದ್ರಲ್ಲ ನಮ್ಮ ದಾಯಾದಿಗಳು, ಆ ಮನೆ ಹುಡುಗ, ಎರ್ಮೆಕ್ ಅಂತ. ನನ್ನನ್ನೇನು ದಡ್ಡಿ ಅನ್ಕೊಂಡ್ಯಾ? ನಾನೇ ಫೋನಲ್ಲಿ ಮಾತಾಡ್ಸಿ, ಏಳು ತಲೆಮಾರು ಹೇಳ್ಸಿದೀನಿ. ಮೊದಲೆರಡು ಹೆಸರು ಅವನ ಅಪ್ಪಂದು, ತಾತಂದು. ಮೂರನೇದರಿಂದ ಎಲ್ಲಾ ನಮ್ಮವೇ."

"ತಡವರಿಸ್ಲಿಲ್ವಾ?"

"ಒಂದ್ಕಡೆ ತಪ್ಪಿದ." ಅಜ್ಜಿಗೆ ನೆನೆದೇ ನಗು ಬಂತು. "ನಾಲ್ಕನೇದು ತೊಕ್ತೊಸುನ್, ಐದನೇದು ಕಾಲ್ಮಾತ್. ಅದನ್ನ ಹಿಂದುಮುಂದು ಮಾಡಿ, ಅಪ್ಪನ್ನೇ ಮಗನಿಗೆ ಮಗ ಮಾಡ್ಬಿಟ್ಟ. ನಮ್ಮ ಅಯ್ಪೇರೀನೂ ಸ್ಟೇಜ್ ಮೇಲೆ ಹಂಗೇ ಹೇಳಿದ್ಲಲ್ಲ? ರಕ್ತ ಒಂದೇ ನೋಡು, ತಪ್ಪೂ ಒಂದೇ."

ತಾಜಿಗುಲಳ ಕಾಲು ನಿಂತಿತು. ಚಾಪೆ ಉರುಳುವುದೂ ನಿಂತಿತು.

"ಅತ್ತೆ, ಆ ವಿಡಿಯೋ ಒಂದ್ಸಲ ಹಾಕಿ."

ಅಜ್ಜಿ ಒದ್ದೆ ಕೈ ಒರೆಸಿಕೊಂಡು ತನ್ನ ಫೋನಿನಲ್ಲಿ ವಿಡಿಯೋ ಹಾಕಿದಳು. ಬಿಳಿಯ ಟೋಪಿ ಹಾಕಿಕೊಂಡ ಪುಟ್ಟ ಹುಡುಗಿ ಹೆಸರು ಹೇಳುತ್ತ ಬಂದಳು. ನಾಲ್ಕನೆಯದು ಕಾಲ್ಮಾತ್, ಐದನೆಯದು ತೊಕ್ತೊಸುನ್.

"ಈ ತಪ್ಪು ರಕ್ತದಿಂದ ಬಂದಿದ್ದಲ್ಲತ್ತೆ, ಇಲ್ಲಿಂದ ಹೋಗಿದ್ದು. ಅವನು ಇದನ್ನ ನೋಡಿ ಬಾಯಿಪಾಠ ಮಾಡಿದಾನೆ. ನಿಮ್ಮ ಪಾಠಾನೇ ನಿಮಗೆ ಒಪ್ಪಿಸಿದಾನೆ."

"ಹೋಗೇ, ನಿಂಗೆ ಎಲ್ಲಾದ್ರಲ್ಲೂ ಅನುಮಾನ. ಒಂದು ಮಗು ಜೊತೆ ಮಾತಾಡೋಕೆ ಅಷ್ಟು ಕಷ್ಟ ಯಾರು ಪಡ್ತಾರೆ?"

ಹೇಳುವುದೇನೋ ಹೇಳಿದಳು. ಆದರೆ ಅಜ್ಜಿ ಇನ್ನೊಮ್ಮೆ ವಿಡಿಯೋ ಹಾಕಿ ನೋಡಿದಳು. ಮೂರನೆಯ ಸಲ ಹಾಕಲು ಕೈ ಬರಲಿಲ್ಲ.

ಅಷ್ಟರಲ್ಲಿ ಬಾಗಿಲ ಬಳಿ ಅಯ್ಪೇರಿ ನಿಂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು. ತಾಜಿಗುಲ್ ಅವಳನ್ನು ಕರೆದು, ಸುತ್ತಿದ ಚಾಪೆಯ ಮೇಲೆ ಪಕ್ಕದಲ್ಲಿ ಕೂರಿಸಿಕೊಂಡಳು. ಏನನ್ನೂ ಕೇಳಲಿಲ್ಲ.

"ಮೊದಲು ಒಳ್ಳೇವ್ನಾಗೇ ಇದ್ದ ಅಕ್ಕ," ಅಂದಳು ಅಯ್ಪೇರಿ. "ತಂಗಿ, ತಂಗಿ ಅಂತಿದ್ದ. ಆಮೇಲೆ ಫೋಟೋ ಕೇಳ್ದ. ಬಾಗಿಲು ಹಾಕ್ಕೊಂಡು ತೆಗಿ, ಅಜ್ಜಿಗೆ ಹೇಳ್ಬೇಡ ಅಂದ. ನಾನು ಕಳಿಸ್ಲಿಲ್ಲ."

"ಒಳ್ಳೇದು ಮಾಡ್ದೆ."

"ಇಲ್ಲ ಅಕ್ಕ. ಸುಮ್ನಾಗ್ಲಿ ಅಂತ ನನ್ನ ಗೆಳತಿ ಮೀರಿಮ್ ಫೋಟೋ ಕಳಿಸ್ದೆ. ಕಾಲುವೆ ಹತ್ರ ತಲೆ ಒದ್ದೆ ಮಾಡ್ಕೊಂಡು ನಗ್ತಿರೋದು. ಈಗ ನಿನ್ನದೂ ಕಳಿಸು, ಇಲ್ದಿದ್ರೆ ಇದನ್ನ ಇಡೀ ಶಾಲೆಗೆ ಹಂಚ್ತೀನಿ, ಕೊಟ್ಟಿದ್ದು ನೀನೇ ಅಂತ ಹೇಳ್ತೀನಿ ಅಂತಾನೆ."

ಅಜ್ಜಿಯ ನಾಲಿಗೆಯ ತುದಿಗೆ ಒಂದು ಮಾತು ಬಂತು. ನಾಚಿಕೆಗೇಡು. ಜೋರಾಗಿ ನಕ್ಕರೂ, ಮೊಣಕಾಲು ಕಂಡರೂ, ಹಿರಿಯರೆದುರು ಕಾಲು ಚಾಚಿದರೂ ಆ ಮನೆಯಲ್ಲಿ ಕೇಳಿಬರುತ್ತಿದ್ದ ಮಾತದು. ಅಯ್ಪೇರಿ ತಲೆ ತಗ್ಗಿಸಿ ಅದಕ್ಕೇ ಕಾಯುತ್ತಿದ್ದಳು. ಎರಡು ವಾರ ಅವಳ ಬಾಯಿ ಕಟ್ಟಿದ್ದು ಆ ಮನುಷ್ಯನ ಬೆದರಿಕೆಯೊಂದೇ ಅಲ್ಲ, ತನ್ನ ಈ ಮಾತೂ ಹೌದು ಎಂದು ಅಜ್ಜಿಗೆ ಆ ತಗ್ಗಿಸಿದ ತಲೆ ನೋಡಿ ಹೊಳೆಯಿತು.

ಅಜ್ಜಿ ಆ ಮಾತನ್ನು ನುಂಗಿಕೊಂಡಳು. "ಬಾಗಿಲು ತೆಗೆದವಳು ನಾನು ಕಣೆ ಮಗಾ," ಅಂದಳು. "ನಮ್ಮವನು ಅಂತ ಒಳಗೆ ಕರ್ಕೊಂಡವಳು ನಾನು. ನಿನ್ನನ್ನ ಬೈಯಲ್ಲ."

ಅಯ್ಪೇರಿ ಅಜ್ಜಿಯ ಮಡಿಲಲ್ಲಿ ಮುಖವಿಟ್ಟು ಅತ್ತಳು. ಅಜ್ಜಿಯ ಮುಸುಕಿನ ಅಂಚು ನೆನೆದುಹೋಯಿತು.

ಅಜ್ಜಿಗೆ ಎಲ್ಲವನ್ನೂ ಈಗಲೇ ಅಳಿಸಿ ಫೋನನ್ನು ಕಾಲುವೆಗೆ ಎಸೆಯುವ ಆತುರ. ತಾಜಿಗುಲ್ ಬಿಡಲಿಲ್ಲ. "ಅಳಿಸ್ಬೇಡಿ. ಅವನು ಬರೆದಿದ್ದೇ ಸಾಕ್ಷಿ. ಎಲ್ಲದರ ಚಿತ್ರ ತೆಗೆದಿಟ್ಕೊಳ್ಳೋಣ. ಇನ್ಮೇಲೆ ಉತ್ತರ ಕೊಡೋದು ಬೇಡ, ಕೇಳಿದ್ದು ಕೊಡೋದೂ ಬೇಡ. ಕೊಟ್ರೆ ಅವನು ಸುಮ್ನಾಗಲ್ಲ, ಇನ್ನಷ್ಟು ಕೇಳ್ತಾನೆ. ಬ್ಲಾಕ್ ಮಾಡಿ, ಶಾಲೆಗೂ ಪೊಲೀಸ್ನೋರಿಗೂ ಇವತ್ತೇ ತಿಳಿಸೋಣ."

"ಪೊಲೀಸಾ? ಊರವರೆಲ್ಲ ಏನಂತಾರೆ?"

"ಅವನು ಬದುಕ್ತಿರೋದೇ ಆ ಪ್ರಶ್ನೆ ಮೇಲತ್ತೆ."

ಅಜ್ಜಿ ಮುಸುಕು ಬದಲಿಸಿ ಠಾಣೆಗೆ ಹೊರಟೇಬಿಟ್ಟಳು. ಪೊಲೀಸಿನವಳು ಎಲ್ಲವನ್ನೂ ಬರೆದುಕೊಂಡಳು. ವಿಡಿಯೋ ಬಗ್ಗೆ ಏನು ಮಾಡಲಿ ಎಂದು ಅಜ್ಜಿ ಮೊದಲ ಬಾರಿಗೆ ಮೊಮ್ಮಗಳನ್ನು ಕೇಳಿದಳು. "ತೆಗೆಸಿಬಿಡು ಅಜ್ಜಿ, ನಂಗೆ ಮೊದಲೇ ಇಷ್ಟ ಇರ್ಲಿಲ್ಲ" ಅಂದಳು ಅಯ್ಪೇರಿ. ಬೆಟ್ಟದಲ್ಲಿದ್ದ ಸೊಸೆಗೆ ಫೋನು ಮಾಡಿ ತೆಗೆಸಿದರು.

ಎಲ್ಲಕ್ಕಿಂತ ಕಷ್ಟದ ಬಾಗಿಲು ಉಳಿದಿತ್ತು. ಅದು ಮೀರಿಮಳ ಮನೆಯದು. "ನಾಳೆ ಹೋಗೋಣ" ಎಂದು ಅಯ್ಪೇರಿ ಗೋಗರೆದಳು. "ನಾಳೆ ಬೇರೆ ಯಾರಾದ್ರೂ ಹೇಳಿರ್ತಾರೆ" ಎಂದು ಅಜ್ಜಿ ಕೈ ಹಿಡಿದು ಕರೆದುಕೊಂಡು ಹೋದಳು. ಮೀರಿಮ್ ಹೊಸ್ತಿಲ ಮೇಲೆ ನಿಂತು ಪೂರ್ತಿ ಕೇಳಿದಳು. ಕೂಗಾಡಲಿಲ್ಲ.

"ನಿಂದು ಕೊಡಕ್ಕೆ ನಿಂಗೆ ಭಯ ಆಯ್ತು. ನಂದು ಕೊಡುವಾಗ ಆಗ್ಲಿಲ್ವಾ?"

"ನಿನ್ನ ಕೇಳ್ಬೇಕಿತ್ತು. ತಪ್ಪಾಯ್ತು" ಎಂದಷ್ಟೇ ಅಂದಳು ಅಯ್ಪೇರಿ. ಮೀರಿಮ್ ಒಳಗೆ ಹೋದಳು. ಒಂದು ವಾರ ಬೇರೆ ಬೆಂಚಿನಲ್ಲಿ ಕೂತಳು. ಎಂಟನೆಯ ದಿನ ಪುಸ್ತಕದ ಚೀಲ ತಂದು ಅಯ್ಪೇರಿಯ ಪಕ್ಕದಲ್ಲಿಟ್ಟಳು. ಆ ಫೋಟೋ ಎಲ್ಲಿದೆಯೋ, ಇನ್ನೂ ಯಾರಿಗೂ ಗೊತ್ತಿಲ್ಲ.

ಬುರುಲಜ್ಜಿ ಈಗಲೂ ಬಾಗಿಲಲ್ಲಿ ಏಳು ಹೆಸರು ಕೇಳುತ್ತಾಳೆ. ಸಂಜೆ ಚಹಾ ಕುಡಿಯುವಾಗ ಮೊಮ್ಮಗಳನ್ನೂ ಕೇಳುತ್ತಾಳೆ: "ಇವತ್ತು ನಿನ್ನ ಫೋನಿನ ಬಾಗಿಲಿಗೆ ಯಾರ್ಯಾರು ಬಂದಿದ್ರು?" ಬೈಯುವುದಿಲ್ಲವಾದ್ದರಿಂದ ಉತ್ತರ ಬರುತ್ತದೆ.

ಇದನ್ನು ಓದುತ್ತಿರುವ ನೀವೂ ಇವತ್ತು ನಿಮ್ಮ ಮಗುವನ್ನು ಹಾಗೆಯೇ ಕೇಳಿ. ನಿಮ್ಮ ಹೆಸರು, ನಿಮ್ಮೂರು, ನಿಮ್ಮ ತಾತನ ಹೆಸರು ಹೇಳಿದ ಮಾತ್ರಕ್ಕೆ ಯಾರೂ ನಿಮ್ಮವರಲ್ಲ ಎಂದು ತಿಳಿಸಿ. ಮನೆಯವರಿಗೆ ಹೇಳಬೇಡ ಎಂದವನ ಮಾತನ್ನು ಮನೆಯವರಿಗೇ ಮೊದಲು ಹೇಳಬೇಕು ಎಂದು ಕಲಿಸಿ. ಗೆಳತಿಯ ಫೋಟೋ ಗೆಳತಿಯದು, ಅವಳನ್ನು ಕೇಳದೆ ಕೊಡುವ ಹಾಗಿಲ್ಲ. ಮಗುವಿನ ಫೋಟೋ ಮಗುವಿನದು, ಅದನ್ನು ನೀವೂ ಕೇಳಿ ಹಾಕಿ. ಮಗು ತಪ್ಪು ಒಪ್ಪಿಕೊಂಡು ಎದುರು ನಿಂತ ದಿನ, ನಾಲಿಗೆಗೆ ಬಂದ ಬೈಗುಳವನ್ನು ದಯವಿಟ್ಟು ನುಂಗಿಕೊಳ್ಳಿ.