ಒದ್ದೆಯಾಗಬಾರದ ನೆಲ

ಮಧ್ಯಾಹ್ನ ಮೂರಕ್ಕೆ ವಿಚಾರಣೆ. ಕಾರಿನ ಮುಂಗಾಜು ತೊಳೆಯುವ ನೀರಿನ ಟ್ಯಾಂಕನ್ನು ಖಾಲಿ ಬಿಟ್ಟು ಡಯಾಲಿಸಿಸ್ ರೋಗಿಗಳ ಪ್ರಾಣದ ಜೊತೆ ಚೆಲ್ಲಾಟವಾಡಿದ ನಿಮ್ಮನ್ನು ಕೆಲಸದಿಂದ ಏಕೆ ತೆಗೆಯಬಾರದು ಎಂದು ಕೇಳುವ ಕಾಗದ ಅವಳ ಜೇಬಿನಲ್ಲಿತ್ತು. ಹನ್ನೊಂದು ವರ್ಷದಿಂದ ಆಸ್ಪತ್ರೆಯ ಕಾರು ಓಡಿಸುತ್ತಿದ್ದವಳ ಬಗ್ಗೆ ಒಳ್ಳೆಯ ಮಾತೊಂದನ್ನು ಬರೆಯಲು ಯಾರಿಗೂ ಪೆನ್ನು ಸಿಕ್ಕಿರಲಿಲ್ಲ. ದೂರುವುದಕ್ಕೆ ಮಾತ್ರ ಒಂದೇ ಸಂಜೆಯಲ್ಲಿ ಟೈಪು, ಸಹಿ, ಮೊಹರು ಎಲ್ಲವೂ ಮುಗಿದಿದ್ದವು.

ನಡೆದದ್ದು ಇಷ್ಟು. ಮೊನ್ನೆ ಜಿಟಿಜಿಟಿ ಮಳೆಯಲ್ಲಿ ಇಬ್ಬರು ರೋಗಿಗಳನ್ನು ಕೂರಿಸಿಕೊಂಡು ಹೊರಟಿದ್ದಾಗ ಮುಂದಿನ ಲಾರಿ ಕೆಸರು ಎರಚಿತ್ತು. ಸ್ಟಿಯರಿಂಗಿನ ಪಕ್ಕದ ಕಡ್ಡಿಯನ್ನು ಎಷ್ಟು ಸಲ ಎಳೆದರೂ ಗಾಜಿಗೆ ನೀರು ಬರಲಿಲ್ಲ. ವೈಪರು ಕೆಸರನ್ನು ಗಾಜಿನ ತುಂಬ ಸವರಿತು. ಹೆಡ್‌ಲೈಟುಗಳೂ ಮಣ್ಣು ಮೆತ್ತಿಕೊಂಡು ಕುರುಡಾದವು. ಅಂದಾಜಿನ ಮೇಲೆ ಗಾಡಿಯನ್ನು ಅಂಚಿಗೆ ತಂದು ನಿಲ್ಲಿಸಿದ್ದಳು. ಯಾರಿಗೂ ಏನೂ ಆಗಲಿಲ್ಲ. ಡಿಪೋದಲ್ಲಿ ಮೇಲ್ವಿಚಾರಕ ಮುಚ್ಚಳ ತೆಗೆದು ನೋಡಿದ. ತಳದಲ್ಲಿ ಹನಿ ನೀರಿರಲಿಲ್ಲ.

"ಬೆಳಿಗ್ಗೆ ತುಂಬಿಸಿದ್ದೆ ಸಾರ್."

"ಹಾಗಾದ್ರೆ ಎಲ್ಲಿ ಹೋಯ್ತು, ರೆಕ್ಕೆ ಬಂತಾ?"

ಎರಡು ರಾತ್ರಿ ಅವಳಿಗೆ ನಿದ್ದೆ ಹತ್ತಿರಲಿಲ್ಲ. ನಿಜಕ್ಕೂ ತುಂಬಿಸಿದ್ದೆನೇ? ಮನೆಯಲ್ಲಿ ಅತ್ತೆಯೂ ಮೆಲ್ಲಗೆ ಹೇಳಿದ್ದರು, "ಮರ್ತಿದ್ರೆ ಮರ್ತೆ ಅಂತ ಒಪ್ಕೊಂಡ್ಬಿಡು ಕಣೇ. ದಣಿದವರಿಗೆ ಮರೆವು ಸಹಜ." ಪದೇ ಪದೇ ತಪ್ಪು ನಿನ್ನದು ಎಂದು ಹೇಳುತ್ತಿದ್ದರೆ ದುಡಿಯುವವರು ಕೊನೆಗೆ ತಮ್ಮ ಕೈಯನ್ನೇ ನಂಬುವುದಿಲ್ಲ. ಮೇಲಿನವರಿಗೆ ಬೇಕಾದದ್ದೂ ಅದೇ.

ನೀರಿಲ್ಲದೆ ಓಡಿಸಿ ನೀರು ಚಿಮ್ಮಿಸುವ ಮೋಟರು ಸುಟ್ಟಿದ್ದಾಳೆ, ಹಾಗಂತ ಬರೆಸಿಕೊಂಡು ಬಾ ಎಂದು ಅವಳ ಕೈಯಲ್ಲೇ ಕಾರನ್ನು ಗ್ಯಾರೇಜಿಗೆ ಕಳಿಸಿದ್ದರು. ಅಲ್ಲಿನ ಹಿರಿಯ ಮೆಕ್ಯಾನಿಕ್ಕಿಗೆ ಎಲ್ಲರೂ ಡಾಕ್ಟ್ರು ಅನ್ನುತ್ತಿದ್ದರು. ಉದ್ದನೆಯ ಸ್ಕ್ರೂಡ್ರೈವರಿನ ಹಿಡಿಗೆ ಕಿವಿಯಿಟ್ಟು ಗಾಡಿಯ ಎದೆಬಡಿತ ಕೇಳುವ ಅಭ್ಯಾಸ ಅವರದು.

ಡಾಕ್ಟ್ರು ಮೊದಲು ಫ್ಯೂಸು ಕಿತ್ತು ಬೆಳಕಿಗೆ ಹಿಡಿದರು. ಸುಟ್ಟಿರಲಿಲ್ಲ. ಸ್ಕ್ರೂಡ್ರೈವರಿನ ತುದಿಯನ್ನು ಟ್ಯಾಂಕಿನ ಬುಡಕ್ಕೆ ಒತ್ತಿ, "ಎಳಿಯಮ್ಮ ಕಡ್ಡಿ" ಎಂದರು. ಒಳಗೆ ಗುಂಯ್ ಅಂದಿತು.

"ಮೋಟರು ಗಟ್ಟಿಮುಟ್ಟಾಗಿದೆ. ಸುಟ್ಟಿದೆ ಅಂದವರ ತಲೇಲಿ ಏನು ಸುಟ್ಟಿದೆಯೋ." ಕೊಡದಿಂದ ಟ್ಯಾಂಕು ತುಂಬಿಸಿದರು. "ಹೆಡ್‌ಲೈಟು ಹಾಕು, ಆಗಲೇ ಅದಕ್ಕೂ ನೀರು ಹೋಗೋದು. ಈಗ ಎಳಿ."

ಅವಳ ಕೈ ತಡೆಯಿತು. "ಇಲ್ಲೇನಾ ಡಾಕ್ಟ್ರೇ? ನೆಲ ಒದ್ದೆ ಆಗುತ್ತಲ್ಲ."

"ಗ್ಯಾರೇಜಿನ ನೆಲ ಇದು, ಅರಮನೆ ಅಂದ್ಕೊಂಡ್ಯಾ?"

"ನಮ್ಮ ಡಿಪೋದಲ್ಲಿ ಹನಿ ಬಿದ್ರೂ ಮೇಲ್ವಿಚಾರಕರು ಪುಸ್ತಕದಲ್ಲಿ ಹೆಸರು ಬರೀತಾರೆ. ನಾವು ಅವರನ್ನ ಒರೆಸು ಸಾಹೇಬ್ರು ಅಂತಲೇ ಕರೆಯೋದು. ಅದಕ್ಕೇ ನಾವ್ಯಾರೂ ನಿಂತ ಗಾಡೀಲಿ ನೀರು ಹಾರಿಸೋದೇ ಇಲ್ಲ. ರಸ್ತೆಗೆ ಹೋದ ಮೇಲೇನೆ."

ಡಾಕ್ಟ್ರು ಅವಳನ್ನೇ ನೋಡಿದರು. "ಎಳಿ ನೀನು."

ಎಳೆದಳು. ಗಾಜಿಗೆ ಹನಿಯೂ ಬರಲಿಲ್ಲ. ಆದರೆ ಬಂಪರಿನ ಅಡಿಯಿಂದ ನೀರು ದಬದಬನೆ ಸುರಿದು ಡಾಕ್ಟ್ರ ಚಪ್ಪಲಿ ತೋಯಿಸಿತು. ಇಳಿದು ಬಂದು ನೋಡಿದಳು. ಮೊನ್ನೆ ಬೆಳಿಗ್ಗೆ ಅವಳು ತುಂಬಿಸಿದ್ದ ನೀರು ಹೋದದ್ದೂ ಹೀಗೆಯೇ. ಓಡುವ ಗಾಡಿಯ ಕೆಳಗೆ ಸುರಿದು ಹಿಂದೆ ಉಳಿದುಹೋಗಿತ್ತು, ಕಂಡವರಿರಲಿಲ್ಲ.

ಡಾಕ್ಟ್ರು ಬಂಪರು ಬಿಚ್ಚಿದರು. ಒಂದೇ ಮೋಟರಿನಿಂದ ಎರಡು ಕವಲು: ಒಂದು ಗಾಜಿಗೆ, ಒಂದು ಹೆಡ್‌ಲೈಟಿಗೆ. ಹೆಡ್‌ಲೈಟಿನ ಪೈಪು ಬಾಯಿ ತೆರೆದುಕೊಂಡು ಜೋತಾಡುತ್ತಿತ್ತು. ಅದನ್ನು ಬಿಗಿಯುವ ಕ್ಲಿಪ್ಪು ಇರಲೇ ಇಲ್ಲ.

"ಬಂಪರು ಯಾವಾಗ ಬಿಚ್ಚಿಸಿದ್ರಿ?"

"ಹೋದ ತಿಂಗಳು. ದೊಡ್ಡವರು ನೋಡೋಕೆ ಬರ್ತಾರೆ ಅಂತ ಮೇಲ್ವಿಚಾರಕರೇ ನಿಂತು ಬಣ್ಣ ಹೊಡೆಸಿದ್ರು."

"ಅಲ್ಲಿಗೆ ಸರಿಹೋಯ್ತು. ಬಣ್ಣ ಹೊಡೆದವರು ಪೈಪನ್ನ ಕ್ಲಿಪ್ಪಿಲ್ದೆ ಸುಮ್ಮನೆ ತುರುಕಿ ಕೈ ತೊಳ್ಕೊಂಡಿದಾರೆ, ಮೊನ್ನೆ ಕಳಚ್ಕೊಂಡಿದೆ. ನಿನ್ನದೇನೂ ತಪ್ಪಿಲ್ಲ ತಾಯಿ."

ಅವಳು ಪಕ್ಕದಲ್ಲಿದ್ದ ಹಳೆಯ ಟೈರಿನ ಮೇಲೆ ಕುಳಿತುಬಿಟ್ಟಳು. ಎರಡು ದಿನದಿಂದ ಎದೆಯ ಮೇಲೆ ಕೂತಿದ್ದ ಬಂಡೆಯನ್ನು ಯಾರೋ ಎತ್ತಿ ಆಚೆ ಇಟ್ಟಂತಾಯಿತು. ಅಳು ಬರಬೇಕಿತ್ತು, ಬಂದದ್ದು ನಗು. "ನಾನು ಮರ್ತಿರಲಿಲ್ಲ," ಎಂದಳು, ಡಾಕ್ಟ್ರಿಗಲ್ಲ, ತನಗೇ.

ಪೈಪು ಸಿಕ್ಕಿಸಿ ಹೊಸ ಕ್ಲಿಪ್ಪು ಬಿಗಿದದ್ದು ಹತ್ತು ನಿಮಿಷದ ಕೆಲಸ. ಈ ಸಲ ಎಳೆದಾಗ ಗಾಜಿನ ಮೇಲೆ ನೀರು ಚಿಮ್ಮಿತು, ಹೆಡ್‌ಲೈಟುಗಳು ಮುಖ ತೊಳೆದುಕೊಂಡವು. ಬೇಕೆಂದೇ ಇನ್ನೆರಡು ಸಲ ಎಳೆದಳು.

ಎರಡೂವರೆಗೆ ಮೇಲ್ವಿಚಾರಕ ತಾನೇ ಗ್ಯಾರೇಜಿಗೆ ಬಂದ. ಡಾಕ್ಟ್ರು ಬರೆದ ರಿಪೇರಿ ಕಾರ್ಡು ಓದಿ ಮುಖ ಹುಳ್ಳಗೆ ಮಾಡಿದ. "ಬಂಪರಿನ ವಿಷಯ ಯಾಕೆ? ಪೈಪು ಹಳೇದಾಗಿತ್ತು ಅಂತ ಹಾಕಿ ಸಾಕು."

"ಪೈಪು ಹೊಸದಾಗೇ ಇದೆ ಸಾಹೇಬ್ರೇ. ಬೇಕಾದ್ರೆ ಬಗ್ಗಿ ನೋಡಿ, ನೆಲ ಸ್ವಲ್ಪ ಒದ್ದೆ ಅಷ್ಟೆ."

ಅವನು ಬಗ್ಗಲಿಲ್ಲ. ಅವಳ ಕಡೆ ತಿರುಗಿ ದನಿ ಮೆತ್ತಗೆ ಮಾಡಿದ. "ಆಯ್ತು ಬಿಡಮ್ಮ. ವಿಚಾರಣೆ ಇಲ್ಲ. ಆ ಕಾಗದ ಹರಿದು ಬಿಸಾಕು."

ನಿನ್ನೆಯಾಗಿದ್ದರೆ ಕೈಮುಗಿಯುತ್ತಿದ್ದಳು. ಇವತ್ತು ಕಾಗದವನ್ನು ಬಾನೆಟ್ಟಿನ ಮೇಲೆ ಹರಡಿ ಅಂಗೈಯಿಂದ ಮಡಿಕೆ ನೀವಿದಳು. "ಬಾಯಲ್ಲಿ ಕೊಟ್ಟಿರಲಿಲ್ಲ ಸಾರ್, ಬರೆದು ಕೊಟ್ಟಿದ್ರಿ. ಬರೆದೇ ವಾಪಸ್ ತಗೊಳ್ಳಿ. ನನ್ನ ತಪ್ಪಿಲ್ಲ ಅಂತ."

ಮೇಲ್ವಿಚಾರಕ ಡಾಕ್ಟ್ರನ್ನು ನೋಡಿದ. ಡಾಕ್ಟ್ರು ಕಿವಿಯ ಮೇಲಿದ್ದ ಪೆನ್ನು ತೆಗೆದು ಚಾಚಿದರು. ಅವನು ಬರೆದ, ಎರಡೇ ಸಾಲು, ಆದರೂ ಬೆವರಿದ. ಅವಳು ನಿಧಾನಕ್ಕೆ ಓದಿದಳು.

"ತಾರೀಖು ಹಾಕಿಲ್ಲ ಸಾರ್."

ಹಾಕಿದ. ಅವಳು ಕಾರು ಹತ್ತಿದಳು. ನಾಲ್ಕು ಗಂಟೆಯ ರೋಗಿ ಆಸ್ಪತ್ರೆಗೆ ಹೋಗಬೇಕಿತ್ತು.