ಕಬ್ಬಿಣಕ್ಕೆ ಅರ್ಧ ಇಂಚು ಮಾರ್ಜಿನ್ನು

ಬಾನೆಟ್ಟು ಇದ್ದಷ್ಟು ಎಂಜಿನ್ನು ಚಾಚು ಎಂದು ಬಲ್ಲವರು ಹೇಳಿದ್ದಾರೆ. ಅವರು ಹಾಸಿಗೆ ಎಂದಿರಬಹುದು, ಕಾಲು ಎಂದಿರಬಹುದು. ಪಾಪ, ಬಲ್ಲವರ ಬಳಿ ಕಾರು ಇರಲಿಲ್ಲ. ಅದೇನೇ ಇರಲಿ, ಈಗ ಹೇಳಹೊರಟಿರುವುದು ಮಾತ್ರ ನಿಜವಾಗಿ ನಡೆದ ಸಂಗತಿ. ನಡೆದದ್ದು ಅಂದರೆ ನಡೆದದ್ದೇ. ಕಾರು ಇಟ್ಟುಕೊಂಡೂ ನಡೆದದ್ದು.

ಟೈಲರನ ಬಳಿ ಒಂದು ಪುಟ್ಟ ಕಾರಿತ್ತು. ಸಮತಟ್ಟಾದ ರಸ್ತೆಯಲ್ಲಿ ಜಾಣ ಮಗುವಿನಂತೆ ಓಡುತ್ತಿದ್ದ ಅದಕ್ಕೆ ಗುಡ್ಡದ ರಸ್ತೆ ಕಂಡರೆ ಕೈಕಾಲು ನಡುಗುತ್ತಿತ್ತು. ಎರಡನೆಯ ತಿರುವಿನಲ್ಲಿ, ಮೊದಲ ಗೇರಿನಲ್ಲಿದ್ದರೂ, ಬಿಕ್ಕಳಿಸಿ ನಿಂತುಬಿಡುತ್ತಿತ್ತು. ಆಗ ಹೆಂಡತಿ ಇಳಿದು ನಡೆಯಬೇಕು. ಗಂಡ ಕಾರನ್ನು ಹಿಂದಕ್ಕೆ ಬಿಟ್ಟುಕೊಂಡು ತನ್ನ ಅಂಗಡಿಗೆ ಹೋಗಬೇಕು. ಹೆಂಡತಿ ನರ್ಸು. ಅವಳಿಗೆ ವರ್ಗವಾಗಿದ್ದ ಆಸ್ಪತ್ರೆ ಇದ್ದದ್ದು ಆ ಗುಡ್ಡದ ನೆತ್ತಿಯ ಮೇಲೆ. ಏದುಸಿರು ಬಿಡುತ್ತಾ ಬರುವ ನರ್ಸಮ್ಮನನ್ನು ಕಂಡು ರೋಗಿಗಳೇ ಎದ್ದು ಮಂಚ ಬಿಟ್ಟುಕೊಡುತ್ತಿದ್ದರಂತೆ.

ಒಂದು ಸಂಜೆ ಅವಳು ಬಿಸಿನೀರಿನ ಬಕೆಟ್ಟಿನಲ್ಲಿ ಪಾದ ಇಳಿಬಿಟ್ಟು ಕೂತಿದ್ದಳು.

"ರೀ, ಆಸ್ಪತ್ರೆ ಪಕ್ಕದಲ್ಲೇ ಒಂದು ರೂಮಿದೆಯಂತೆ. ಈ ತಿಂಗಳ ಕೊನೇ ಭಾನುವಾರ ಸಂಜೆಯೊಳಗೆ ಹೂಂ ಅನ್ನಬೇಕು, ಇಲ್ಲಾ ಉಹೂಂ ಅನ್ನಬೇಕು. ಹೂಂ ಅಂದ್ರೆ ವಾರಕ್ಕೊಂದ್ಸಲ ಮನೆಗೆ ಬರ್ತೀನಿ."

"ವಾರಕ್ಕೊಂದ್ಸಲ ಬರೋಕೆ ನೀನೇನು ವಾರಪತ್ರಿಕೆನಾ?"

ಮಾತು ತಮಾಷೆಯಾಗಿಯೇ ಹೊರಬಂತು. ಆದರೆ ಟೈಲರನ ಪಾಲಿಗೆ ಮನೆಯೆಂದರೆ ಬೆಳಗಿನ ಎರಡು ಲೋಟ ಕಾಫಿ, ಮತ್ತು ಅದರಲ್ಲಿ ಹೆಚ್ಚು ಬಿಸಿ ಇರುವುದು ಯಾರಿಗೆ ಎಂಬ ಜಗಳ. ಒಬ್ಬನೇ ಕೂತು ಯಾರ ಜೊತೆ ಜಗಳ ಆಡುವುದು, ಸಕ್ಕರೆ ಡಬ್ಬಿಯ ಜೊತೆಯೇ?

"ಉಹೂಂ ಅನ್ನು. ನಾನು ಕಾರಿಗೆ ದೊಡ್ಡ ಎಂಜಿನ್ ಹಾಕಿಸ್ತೀನಿ."

"ಕಾರನ್ನೇ ಬದಲಾಯಿಸಬಹುದಲ್ವಾ?"

"ದುಡ್ಡು?"

"ಸರಿ, ಎಂಜಿನ್ನೇ ಹಾಕ್ಸಿ. ಆದ್ರೆ ಅದು ಗುಡ್ಡ ಹತ್ತಿದ ಮೇಲೇನೇ ನನ್ನ ಉಹೂಂ."

ಹೊಸ ಹೊಲಿಗೆ ಯಂತ್ರಕ್ಕೆಂದು ಕೂಡಿಟ್ಟದ್ದು ಗುಜರಿ ಅಂಗಡಿಗೆ ಹೋಯಿತು. ಅಲ್ಲಿ ಅದೇ ಕಂಪನಿಯ ದೊಡ್ಡ ಕಾರೊಂದು ಬಿದ್ದಿತ್ತು. ಹಿಂದಿನಿಂದ ಲಾರಿ ಗುದ್ದಿದ್ದರಿಂದ ಹಿಂಭಾಗ ಅಪ್ಪಚ್ಚಿ, ಮುಂಭಾಗ ಮದುವಣಗಿತ್ತಿ. ಅದರ ಎಂಜಿನ್ನು, ಗೇರ್‌ಬಾಕ್ಸು, ವೈರುಗಳ ಗಂಟು, ಎಲ್ಲವನ್ನೂ ಟೈಲರ್ ಕೈಗಾಡಿಯಲ್ಲಿ ಮೇಸ್ತ್ರಿಯ ವರ್ಕ್‌ಶಾಪಿಗೆ ಸಾಗಿಸಿದ. ಮೇಸ್ತ್ರಿ ಅವನ ಹಳೆಯ ಗಿರಾಕಿ, ಬಾಯಿ ಬಿಟ್ಟರೆ ಸ್ಪಾರ್ಕು.

"ಇಲಿ ಹೊಟ್ಟೆಗೆ ಹುಲಿ ಕರುಳು ಹಾಕೋಕೆ ಹೊರಟಿದ್ದೀಯಲ್ಲಯ್ಯಾ!"

"ಆಗುತ್ತೋ ಇಲ್ವೋ ಹೇಳಿ ಮೇಸ್ತ್ರಿ."

"ಆಗುತ್ತೆ. ಆದ್ರೆ ನನಗೆ ಕೈಯಾಳಿಲ್ಲ, ನೀನೇ ಬಗ್ಗಬೇಕು. ಕೂಲಿಗೆ ನನಗೆ ಕೆಲಸಕ್ಕೆ ಹಾಕ್ಕೊಳ್ಳೋ ಎರಡು ಡಂಗ್ರಿ ಹೊಲಿದುಕೊಡು. ಹೊಟ್ಟೆ ಹತ್ರ ಧಾರಾಳವಾಗಿರಲಿ."

ಅಂಗಡಿಗೆ ಮಧ್ಯಾಹ್ನದ ನಂತರ ಬಾಗಿಲೆಳೆದು ಟೈಲರ್ ಮೂರು ವಾರ ಅಲ್ಲಿ ಬಗ್ಗಿದ. ಮೇಸ್ತ್ರಿ ತಲೆ ಕೆರೆದುಕೊಳ್ಳುತ್ತಿದ್ದ ವೈರುಗಳ ಗಂಟನ್ನು ಅವನು ದಾರದ ಸಿಕ್ಕು ಬಿಡಿಸಿದ ಹಾಗೆ ಬಿಡಿಸಿ, ಬಣ್ಣಬಣ್ಣವಾಗಿ ಖಾಲಿ ರೀಲುಗಳಿಗೆ ಸುತ್ತಿ, ಚೀಟಿ ಅಂಟಿಸಿದ. ರೇಡಿಯೇಟರಿನ ಪೈಪು ಉಜ್ಜದಂತೆ ಅದಕ್ಕೆ ಕ್ಯಾನ್ವಾಸಿನ ತೋಳು ಹೊಲಿದ. "ಗುಂಡಿ, ಕಾಲರ್ ಬೇಡ್ವಾ?" ಎಂದ ಮೇಸ್ತ್ರಿ.

ಎಡವಟ್ಟಾದದ್ದು ಬ್ರಾಕೆಟ್ಟಿನಲ್ಲಿ. ಹೊಸ ಎಂಜಿನ್ನು ಹಳೆಯ ಕಾರಿನ ಮೈಗೆ ಕೂರಲು ನಡುವೆ ಎರಡು ಕಬ್ಬಿಣದ ಬ್ರಾಕೆಟ್ಟು ಬೇಕು. ಅಳತೆ ಎಂದರೆ ಟೈಲರನಿಗೆ ಬಿಟ್ಟುಕೊಟ್ಟ ಕೆಲಸ. ಕೊರಳಿನ ಟೇಪು ತೆಗೆದ, ಎಂಜಿನ್ನಿನ ಸೊಂಟ ಅಳೆದ, ಕಾರಿನ ಭುಜ ಅಳೆದ, ಸೀಮೆಸುಣ್ಣದಲ್ಲಿ ಕಂದು ಕಾಗದದ ಮೇಲೆ ಗೆರೆ ಎಳೆದು ಕತ್ತರಿಸಿಕೊಟ್ಟ. ಮೇಸ್ತ್ರಿ ಕಾಗದಕ್ಕೆ ಕೂದಲೆಳೆಯಷ್ಟೂ ತಪ್ಪದಂತೆ ಕಬ್ಬಿಣ ಕತ್ತರಿಸಿ ಬೆಸೆದ. ಚೈನು ಬಿಗಿದು ಎಂಜಿನ್ ಇಳಿಸಿದರು, ಬೋಲ್ಟು ಹಾಕಿದರು, ಬಾನೆಟ್ ಮುಚ್ಚಿದರು.

ಬಾನೆಟ್ ಮುಚ್ಚಲಿಲ್ಲ. ಹಲ್ಲು ಉಬ್ಬಿದವನ ಬಾಯಿಯಂತೆ ಒಂದಿಂಚು ತೆರೆದೇ ನಿಂತಿತು.

ಮೇಸ್ತ್ರಿ ಕಾಗದವನ್ನೂ ಕಬ್ಬಿಣವನ್ನೂ ಪಕ್ಕಪಕ್ಕ ಹಿಡಿದ. "ನನ್ನ ಕೈ ತಪ್ಪಿಲ್ಲ. ನಿನ್ನ ಲೆಕ್ಕ ಏನು?"

"ಸರಿಯಾಗೇ ಅಳೆದೆ. ಮೇಲೆ ಕೆಳಗೆ, ಮಾಮೂಲಿನ ಹಾಗೆ, ಅರ್ಧರ್ಧ ಇಂಚು..." ಎನ್ನುತ್ತಾ ಟೈಲರ್ ಅಲ್ಲೇ ನಾಲಿಗೆ ಕಚ್ಚಿಕೊಂಡ.

"ಅರ್ಧರ್ಧ ಇಂಚು?"

"ಹೊಲಿಗೆಗೆ ಬಿಟ್ಟೆ."

"ಕಬ್ಬಿಣಕ್ಕೆ ಮಾರ್ಜಿನ್ನಾ? ನಾಳೆ ಎಂಜಿನ್ ದಪ್ಪ ಆದ್ರೆ ಬಿಚ್ಚಿ ಸಡಿಲ ಮಾಡೋಕಾ?" ಮೇಸ್ತ್ರಿ ನಕ್ಕ ರಭಸಕ್ಕೆ ಹಳೆಯ ಡಂಗ್ರಿಯ ಗುಂಡಿಯೊಂದು ಹಾರಿಹೋಯಿತು.

ಎಂಜಿನ್ ಮತ್ತೆ ಮೇಲೆದ್ದಿತು. ಬ್ರಾಕೆಟ್ಟುಗಳನ್ನು ಕೊಯ್ದು, ಉಜ್ಜಿ, ಮತ್ತೆ ಬೆಸೆದದ್ದಾಯಿತು. ಟೈಲರನ ಭಾಷೆಯಲ್ಲಿ ಆಲ್ಟರೇಶನ್. ಈ ಸಲ ಬಾನೆಟ್ಟು ಮರ್ಯಾದೆಯಿಂದ ಬಾಯಿ ಮುಚ್ಚಿತು. ಆದರೆ ಟೈಲರನ ಎದೆಯಲ್ಲಿ ಆ ಅರ್ಧ ಇಂಚು ಹಾಗೇ ಉಳಿಯಿತು. ಕೊಯ್ದು ಬೆಸೆದ ಕಬ್ಬಿಣ, ತಾಳುತ್ತದೋ ಇಲ್ಲವೋ.

ಕೊನೆಯ ಭಾನುವಾರ ಮಧ್ಯಾಹ್ನ ಹೆಂಡತಿ ವರ್ಕ್‌ಶಾಪಿಗೇ ಬಂದಳು. ಜೊತೆಗೆ ಅವಳ ತಮ್ಮ. ಈ ಭಾವಮೈದುನನ ಗಂಟಲಲ್ಲಿ ಇಡೀ ಊರೇ ಬಾಡಿಗೆಗಿತ್ತು: ಬೆಕ್ಕು, ಬಸ್ಸು, ಬ್ಯಾಂಕ್ ಮ್ಯಾನೇಜರು. ಬಂದವನೇ ಮೇಸ್ತ್ರಿಯ ಕೆಮ್ಮನ್ನು ಮೇಸ್ತ್ರಿಗಿಂತ ಚೆನ್ನಾಗಿ ಕೆಮ್ಮಿ ತೋರಿಸಿದ.

"ನಿನ್ನನ್ನ ಯಾರು ಕರೆದ್ರೋ?" ಎಂದ ಟೈಲರ್.

"ಭಾರಕ್ಕೆ ಒಬ್ಬ ಬೇಡ್ವಾ ಭಾವಾ? ಅಕ್ಕ ಒಬ್ಬಳನ್ನೇ ಕೂರಿಸಿಕೊಂಡು ಹತ್ತಿದ್ರೆ ಅದು ಪರೀಕ್ಷೆನೇ ಅಲ್ಲ, ಕಾಪಿ ಹೊಡೆದ ಹಾಗೆ."

ಹೊರಡುವಾಗ ಮೇಸ್ತ್ರಿ ಕಿಟಕಿಗೆ ಬಾಗಿ ಹೇಳಿದ: "ಏರಿನಲ್ಲಿ ಟಕ್ ಟಕ್ ಅಂತ ಸದ್ದು ಬಂದ್ರೆ ತಕ್ಷಣ ನಿಲ್ಸು. ಬ್ರಾಕೆಟ್ ಬಿಟ್ಟಿದೆ ಅಂತ ಅರ್ಥ. ಆಮೇಲೆ ನನ್ನ ಕೈಲೂ ಆಗಲ್ಲ."

ಮೊದಲ ತಿರುವು ಬಂತು, ಹೋಯಿತು. ಎರಡನೆಯದರಲ್ಲಿ ಹೆಂಡತಿ ರೂಢಿಯಂತೆ ಬಾಗಿಲಿನ ಹಿಡಿಗೆ ಕೈ ಹಾಕಿದಳು. ಕಾರು ಅವಳನ್ನು ಇಳಿಯಲು ಬಿಟ್ಟರೆ ತಾನೇ! ಅದು ಬೆಣ್ಣೆಯಲ್ಲಿ ಕೂದಲು ಎಳೆದಂತೆ ಮೂರನೆಯ ಗೇರಿನಲ್ಲಿ ನುಸುಳಿತು. ಟೈಲರ್ ಕತ್ತು ಉದ್ದ ಮಾಡಿಕೊಂಡು ರಾಜನಂತೆ ಕೂತ. ಕೊನೆಯ ತಿರುವು ದಾಟಿದರೆ ಆಸ್ಪತ್ರೆಯ ಗೇಟು.

ಟಕ್.

ಟೈಲರ್ ಕಿವಿಗೊಟ್ಟ. ಟಕ್ ಟಕ್. ಪೆಡಲ್ ಒತ್ತಿದರೆ ಸದ್ದು ಜೋರು, ಬಿಟ್ಟರೆ ಮೆಲ್ಲಗೆ. ಕಾರು ನಿಲ್ಲಿಸಿ, ಎಂಜಿನ್ ಓಡುತ್ತಿರುವಂತೆಯೇ ಇಳಿದು ಬಾನೆಟ್ ಎತ್ತಿದ. ಸದ್ದಿಲ್ಲ. ಬಂದು ಕೂತ. ಟಕ್ ಟಕ್ ಟಕ್.

"ಸೀಟಿನ ಕೆಳಗಿಂದ ಬರ್ತಿದೆ ಅನ್ಸುತ್ತೆ ಭಾವಾ," ಎಂದು ಹಿಂದಿನ ಸೀಟಿನವನು ಕಾಳಜಿಯಿಂದ ಕೆಳಗೆ ಬಗ್ಗಿದ.

"ನನ್ನ ಅರ್ಧ ಇಂಚೇ ಇದು," ಎಂದ ಟೈಲರ್. ಮುಖ ಇಸ್ತ್ರಿ ಸುಟ್ಟ ಅಂಗಿಯಂತಾಗಿತ್ತು. "ಬ್ರಾಕೆಟ್ ಬಿಟ್ಟಿತು."

ಹೆಂಡತಿ ಬೈದಿದ್ದರೆ ಅವನು ತಡೆದುಕೊಳ್ಳುತ್ತಿದ್ದ. ಅವಳು ಅವನ ಮೊಣಕೈಯ ಮೇಲಿದ್ದ ಗ್ರೀಸನ್ನು ಸೆರಗಿನ ತುದಿಯಿಂದ ಒರೆಸಿದಳು. "ಬಿಡಿ ರೀ. ನೀವು ಪಟ್ಟ ಪಾಡು ನಾನು ನೋಡಿಲ್ವಾ? ಸ್ವಲ್ಪ ದಿನ ರೂಮಲ್ಲಿ ಇರ್ತೀನಿ, ಅಷ್ಟೇ." ಎಂದವಳೇ ಬ್ಯಾಗಿನಿಂದ ಫೋನು ತೆಗೆದು ರೂಮಿನ ಒಡತಿಯ ನಂಬರು ಒತ್ತಿದಳು.

ಟೈಲರ್ ಎಂಜಿನ್ ಆರಿಸಿ, ಕೀಲಿ ಕಿತ್ತು ತೊಡೆಯ ಮೇಲಿಟ್ಟುಕೊಂಡ. ಫೋನು ಅತ್ತ ರಿಂಗಾಗುತ್ತಿತ್ತು.

ಟಕ್ ಟಕ್. ಟಕ್ ಟಕ್ ಟಕ್.

ಟೈಲರ್ ತೊಡೆಯ ಮೇಲಿನ ಕೀಲಿ ನೋಡಿದ. ಹೆಂಡತಿಯೂ ಕೀಲಿ ನೋಡಿದಳು. ಇಬ್ಬರೂ ಮೆಲ್ಲಗೆ ಹಿಂದಕ್ಕೆ ತಿರುಗಿದರು. ಸೀಟಿನ ಸಂದಿಯಲ್ಲಿ ತಲೆ ಹುದುಗಿಸಿ, ಕಣ್ಣು ಮುಚ್ಚಿ, ನಾಲಿಗೆಯನ್ನು ಅಂಗುಳಿಗೆ ಬಡಿಯುತ್ತಾ ಭಾವಮೈದುನ ತನ್ನ ಕಲೆಯಲ್ಲಿ ಮುಳುಗಿಹೋಗಿದ್ದ. ಹೊಸ ಎಂಜಿನ್ ಎಷ್ಟು ನಯವೆಂದರೆ, ಅದು ನಿಂತದ್ದು ಕಲಾವಿದರಿಗೆ ಗೊತ್ತೇ ಆಗಿರಲಿಲ್ಲ.

"ಲೋ ಕತ್ತೇ!" ಅಕ್ಕನ ಬ್ಯಾಗು ಅವನ ಬೆನ್ನಿನ ಮೇಲೆ ಬಿತ್ತು. "ನಾನು ಮನೆ ಬಿಟ್ಟು ಹೋಗ್ತಿದ್ದೆನಲ್ಲೋ!"

"ಅಯ್ಯೋ ಅಕ್ಕಾ, ಗೇಟಿನ ಹತ್ರ ಹೇಳೋಣ ಅಂತಿದ್ದೆ! ನೀನು ಫೋನ್ ತೆಗೆದಿದ್ದು ನಾನು ನೋಡ್ಲೇ ಇಲ್ಲ! ಭಾವಾ, ಕಾಪಾಡಿ ಭಾವಾ!"

ಭಾವ ಕಾಪಾಡುವ ಸ್ಥಿತಿಯಲ್ಲಿರಲಿಲ್ಲ. ಮೊದಲು ಅವನ ಹೊಟ್ಟೆ ಕುಣಿಯಿತು, ಆಮೇಲೆ ಹೆಗಲು, ಆಮೇಲೆ ಕಾರು.

"ಹಲೋ? ಹಲೋ?" ಎನ್ನುತ್ತಿತ್ತು ಫೋನು.

"ಉಹೂಂ ಅಮ್ಮಾ, ರೂಮು ಬೇಡ," ಎಂದಳು ಹೆಂಡತಿ, ನಗು ತಡೆಯಲಾರದೆ. "ಹಾಂ? ಇಲ್ಲ, ಅಪಘಾತ ಆಗಿಲ್ಲ. ಅದು ನಮ್ಮನೆಯವರು ನಗ್ತಿರೋದು."

ಒಡತಿಗೆ ಈ ಮಾತು ಕೇಳಿಸಿರಲಿಕ್ಕಿಲ್ಲ. ಬೆನ್ನು ಸವರಿಕೊಳ್ಳುತ್ತಾ ಭಾವಮೈದುನ ನಗುತ್ತಿದ್ದ, ಹೆಂಡತಿ ಕಣ್ಣೊರೆಸಿಕೊಳ್ಳುತ್ತಾ ನಗುತ್ತಿದ್ದಳು. ಟೈಲರನೋ ಸ್ಟಿಯರಿಂಗಿನ ಮೇಲೆ ಹಣೆಯಿಟ್ಟು ಬಿದ್ದುಬಿಟ್ಟಿದ್ದ. ಹಣೆಯಡಿಯ ಹಾರ್ನು ಒಂದೇ ಸಮನೆ ಬೊಬ್ಬೆ ಹೊಡೆಯುತ್ತಿತ್ತು. ಅವನ ನಗುವಿನ ಮುಂದೆ ಅದು ಯಾರಿಗೂ ಕೇಳಿಸುತ್ತಿರಲಿಲ್ಲ.