ಮುಂದಕ್ಕೆ ಬಾಯಿ ಮಾಡಿದ ಟ್ಯೂಬಾ

ಆಷಾಢದಲ್ಲಿ ಮದುವೆಗಳಿಲ್ಲ, ಬ್ಯಾಂಡಿನವರಿಗೆ ಕೆಲಸವಿಲ್ಲ. ಹರಪನಹಳ್ಳಿಯ ಸುಜಾತಾ ಆ ಒಂದು ತಿಂಗಳಲ್ಲಿ ದೊಡ್ಡಪ್ಪ ಗಾದೆಪ್ಪನ ಹಳೆಯ ಟ್ಯೂಬಾ ಎಂಬ ದೊಡ್ಡ ಹಿತ್ತಾಳೆ ಕಹಳೆ ಊದುವುದನ್ನು ಕಲಿತುಬಿಟ್ಟಳು. ಬ್ಯಾಂಡ್ ಮಾಸ್ತರನಾದ ಗಾದೆಪ್ಪನಿಗೆ ಅದು ಹುಡುಗಾಟ. ಆದರೆ ಟ್ಯೂಬಾದವನು ದಾವಣಗೆರೆಯ ಬ್ಯಾಂಡಿಗೆ ಹಾರಿದ ಮೇಲೆ ಬೇರೆ ಗತಿ ಇರಲಿಲ್ಲ.

“ಶ್ರಾವಣದಾಗ ತಂಬ್ರಹಳ್ಳಿ ಮದಿವಿಗೆ ಬಾ. ಮಂಟಪ ಮುಟ್ಟೋತನಕ ಊದಿದ್ರ ನೀನು ಬ್ಯಾಂಡಿನಾಕಿ. ನಡುವ ಕೈ ಬಿಟ್ರ ಮತ್ತ ಕೇಳಬ್ಯಾಡ,” ಅಂದ.

ಹೊಲಿಗೆ ಕಲಿ ಎಂದವರಿಗೆಲ್ಲ ಒಲ್ಲೆನೆಂದು ತಲೆ ಅಲ್ಲಾಡಿಸಿದವಳು ಸುಜಾತಾ. ಅವಳಿಗೆ ಬೇಕಿದ್ದದ್ದು ಇದೊಂದೇ.

ಹಳೆಯ ಟ್ಯೂಬಾದ ಬಾಯಿ ಆಕಾಶಕ್ಕಿತ್ತು. ಗಾದೆಪ್ಪ ಹೊಸದಾಗಿ ತಂದಿದ್ದು ನಡೆಯುತ್ತ ಊದುವವರಿಗೆಂದೇ ಮಾಡಿದ್ದು. ಎಡ ಹೆಗಲ ಮೇಲೆ ಕೂರುತ್ತದೆ, ಅಗಲ ಬಾಯಿ ನೇರ ಮುಂದಕ್ಕೆ. ಮೆರವಣಿಗೆಯಲ್ಲಿ ಅದನ್ನು ಯಾರೂ ಊದಿ ನೋಡಿರಲಿಲ್ಲ.

ತಂಬ್ರಹಳ್ಳಿಯಲ್ಲಿ ಮೆರವಣಿಗೆ ಹೊರಟಿತು. ಬ್ಯಾಂಡು ಮುಂದೆ, ಕುಣಿಯುವವರೂ ಮದುಮಗನ ಜೀಪೂ ಹಿಂದೆ. ಅರ್ಧ ದಾರಿಯಲ್ಲಿ ಮದುಮಗನ ಅಪ್ಪ ಗುರುಸಂಗಪ್ಪ ಓಡಿಬಂದ. “ಮಾಸ್ತರ, ಆ ದೊಡ್ಡದು ಕೆಟ್ಟೈತೇನ್ರಿ? ಹಿಂದ ಏನೂ ಕೇಳವಲ್ದು!”

“ಉಸುರು ಸಾಲವಲ್ದು,” ಎಂದ ಗಾದೆಪ್ಪ ಸುಜಾತಾಳತ್ತ ತಿರುಗಿದ. “ಇಳಿಸು ಕೆಳಗ.”

“ಉಸುರು ಐತಿ ದೊಡ್ಡಪ್ಪ. ಇದರ ಬಾಯಿ ಮುಂದಕೈತಿ, ಮದುಮಗ ಹಿಂದದಾನ. ಸೌಂಡೆಲ್ಲ ಹೊಲಕ್ಕ ಹೊಂಟೈತಿ.”

“ಕುಣಿಯಾಕ ಬರದಾಕಿ ನೆಲ ಡೊಂಕು ಅಂದಳಂತ!”

ಸುಜಾತಾಳಿಗೆ ಮೈಯೆಲ್ಲ ಉರಿಯಿತು. ಗಿರಕ್ಕನೆ ತಿರುಗಿ, ಮದುಮಗನಿಗೆ ಮುಖಮಾಡಿ ಊದುತ್ತ, ಹಿಂದುಹಿಂದಕ್ಕೆ ಹೆಜ್ಜೆ ಹಾಕಿದಳು. ಟ್ಯೂಬಾದ ಸದ್ದು ಕುಣಿಯುವವರ ಎದೆಗೇ ಗುದ್ದಿದ ಹಾಗಾಯಿತು. ಟವೆಲ್ಲುಗಳು ಮೇಲೆ ಹಾರಿದವು. ಗುರುಸಂಗಪ್ಪನೂ ಎರಡು ಹೆಜ್ಜೆ ಹಾಕಿದ.

ಆದರೆ ಬೆನ್ನಿಗೇನು ಕಣ್ಣಿದೆಯೇ? ಹಿಮ್ಮಡಿ ಗುಂಡಿಗಿಳಿಯಿತು, ಟ್ಯೂಬಾದ ಭಾರ ಅವಳನ್ನು ಒಂದು ಕಡೆ ಎಳೆಯಿತು. ಎಲ್ಲ ಮುಗಿಯಿತು ಅಂದುಕೊಳ್ಳುವಷ್ಟರಲ್ಲಿ ಬೆನ್ನಿಗೆ ಒಂದು ಅಂಗೈ ತಾಗಿ ನಿಲ್ಲಿಸಿತು.

“ಬಲಕ್ಕ ಬಾ, ಚರಂಡಿ ಐತಿ,” ಎಂದಿತು ಗಾದೆಪ್ಪನ ದನಿ. ಅವನ ಟ್ರಂಪೆಟ್ಟು ಕಂಕುಳಲ್ಲಿತ್ತು. “ಕಲ್ಲು… ದಾಟು… ಊದು, ಊದು, ನಿಲ್ಲಸಬ್ಯಾಡ.”

ಮಂಟಪದವರೆಗೂ ಆ ಕೈ ಕದಲಲಿಲ್ಲ.

ಮಂಟಪದಲ್ಲಿ ಗಾದೆಪ್ಪ ಚಹಾ ಕುಡಿಯುತ್ತ ಕುಳಿತ. ತಾನು ಬ್ಯಾಂಡಿನಾಕಿ ಹೌದೋ ಅಲ್ಲವೋ ಎಂದು ಸುಜಾತಾ ಎದುರೇ ನಿಂತು ಕಾದಳು. ಅಷ್ಟರಲ್ಲಿ ಹಂಪಸಾಗರದ ಮದುವೆ ಮನೆಯವರೊಬ್ಬರು ಬ್ಯಾಂಡು ಗೊತ್ತುಮಾಡಲು ಫೋನು ಮಾಡಿದರು.

“ಟ್ಯೂಬಾ ಐತ್ರಿ. ಹ್ಞೂಂ, ಹೆಣ್ಣಮಗಳು. ಹಿಂದಕ್ಕ ನಡಕೋಂತ ಊದ್ತಾಳ,” ಎಂದ ಗಾದೆಪ್ಪ. “ಯಾಕ ಬೀಳ್ತಾಳ್ರಿ? ನಾನಿಲ್ಲೇನು?”

ಸುಜಾತಾಳ ತುಟಿ ಬಾತುಹೋಗಿತ್ತು. ನಕ್ಕರೆ ನೋಯುತ್ತಿತ್ತು, ಆದರೂ ನಕ್ಕಳು.